ಹೆಸರುಳ್ಳ ಮರ, ಹೆಸರಿಲ್ಲದ ಮೀನು

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಕಾವೇರಿ ಸೀಮೆಯ ಶ್ರೀಗಂಧವನ್ನೂ ಗೂನುಬೆನ್ನಿನ ಮಹಶೀರನ್ನೂ ಒಟ್ಟಿಗಿಟ್ಟು ನೋಡಿದರೆ, ಮರವು ವಿಪತ್ತಿನ ಮೊದಲ ಮೆಟ್ಟಿಲಿನಲ್ಲಿಯೂ, ಮೀನು ಅದಕ್ಕಿಂತ ಎರಡು ಮೆಟ್ಟಿಲು ಮುಂದೆ, ಅಳಿವಿನ ತೀರ ಅಂಚಿನಲ್ಲಿಯೂ ನಿಂತಿರುವುದು ಕಾಣುತ್ತದೆ. ಅಂತರವೇನೋ ಸತ್ಯವೇ; ಆದರೆ ಅದರ ಕಾರಣವನ್ನು ಪಟ್ಟಿಯು ಹೇಳುವುದಿಲ್ಲ.

ಶ್ರೀಗಂಧಕ್ಕೆ ಲಿನ್ನೇಯಸನು 1753ರಲ್ಲಿಯೇ ಸಂಟಾಲಮ್ ಆಲ್ಬಮ್ ಎಂದು ನಾಮಕರಣ ಮಾಡಿದನು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ನೆರೆಗಿಡಗಳ ಬೇರಿನಿಂದ ರಸ ಹೀರಿ ಬಾಳುವ ಈ ಅರೆಪರಾವಲಂಬಿಗೆ ದೊರೆತ ರಾಜಮರ್ಯಾದೆಯೇ ಮುಳುವಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಏಕೆಂದರೆ, ತನ್ನ ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯು ಸರಕಾರದ ಸೊತ್ತೆಂದೂ, ಅದು ಕಳುವಾದರೆ ಉತ್ತರ ಹೇಳಬೇಕಾದವನು ತಾನೆಂದೂ ಅರಿತ ಒಕ್ಕಲಿಗನು ಅದನ್ನು ಎಳೆಯದರಲ್ಲಿಯೇ ಕಿತ್ತೊಗೆಯುವನಲ್ಲದೆ ನೀರೆರೆದಾನೆಯೆ? ಕರ್ನಾಟಕವು ಆ ಒಡೆತನವನ್ನು ಜಮೀನಿನವನಿಗೆ ಮರಳಿಸಿದ್ದು 2001ರಲ್ಲಿ.

ಮೀನಿನ ಕಥೆ ಇನ್ನೂ ವಿಚಿತ್ರ. 1946ರಲ್ಲಿ ಕಬಿನಿಯಲ್ಲಿ 120 ಪೌಂಡು ತೂಗಿ, ಗಾಳಗಾರರ ಜಗತ್ತಿನಲ್ಲೆಲ್ಲ ಖ್ಯಾತಿವೆತ್ತ ಈ ಜಲಚರಕ್ಕೆ ಶಾಸ್ತ್ರಸಮ್ಮತವಾದ ಹೆಸರೇ ಇರಲಿಲ್ಲ. ಹೆಸರಿಲ್ಲದ ಜೀವಿಗೆ ಪಟ್ಟಿಯಲ್ಲಿ ಸ್ಥಾನವಿಲ್ಲ. ಕಾವೇರಿಗೆ ಸೇರುವ ಕೇರಳದ ಪಾಂಬಾರಿನ ಸಣ್ಣ ಮೀನುಗಳಿಗೆ 2007ರಲ್ಲಿ ಇಟ್ಟಿದ್ದ ತೋರ್ ರೆಮಾದೇವೀ ಎಂಬ ಹೆಸರು ಈ ಮಹಾಕಾಯನಿಗೂ ಸಲ್ಲುವುದೆಂದು 2018ರಲ್ಲಿ ಗೊತ್ತಾದ ಮೇಲೆಯೇ ಅದಕ್ಕೆ ಪಟ್ಟಿಯ ಬಾಗಿಲು ತೆರೆದುದು. ಒಳಹೊಕ್ಕ ಒಡನೆಯೇ ಕಡೆಯ ಮೆಟ್ಟಿಲು!

ಈ ವಿಳಂಬವನ್ನು ಪಂಡಿತರ ಸಾವಧಾನವೆಂದು ಮನ್ನಿಸಲು ನನಗೆ ಮನಸ್ಸಿಲ್ಲ. ಮಹಶೀರೆಂಬುದೆಲ್ಲ ಒಂದೇ ಎಂಬ ಉದಾಸೀನದಿಂದ, 1970ರ ದಶಕದಿಂದೀಚೆಗೆ ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಟ್ಟವರು ಸಂರಕ್ಷಣೆಯ ಸದುದ್ದೇಶವುಳ್ಳವರೇ ಆಗಿದ್ದರು. ಅಣೆಕಟ್ಟುಗಳಿಂದಲೂ ಸಿಡಿಮದ್ದಿನ ಬೇಟೆಯಿಂದಲೂ ಮೊದಲೇ ಬಳಲಿದ್ದ ನಾಡಮೀನಿನ ಮಡುಗಳಲ್ಲಿ ಆ ಆಗಂತುಕವೇ ತುಂಬಿಕೊಂಡಿತು. ಗಾಳಕ್ಕೆ ಮಹಶೀರು ಧಾರಾಳವಾಗಿ ಬೀಳುತ್ತಿದ್ದುದರಿಂದ, ಯಾವುದು ಬೀಳುತ್ತಿಲ್ಲವೆಂಬುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಗೂನುಬೆನ್ನಿನದು ಅಳಿವಿನಂಚಿನದೆಂದು ಬರೆದ ಅದೇ ಪಟ್ಟಿಯು ನೀಲಿರೆಕ್ಕೆಯದನ್ನು ವಿಪತ್ತಿನಿಂದ ಬಿಡಿಸಿ, ಚಿಂತೆಗೆ ಕಾರಣವಿಲ್ಲದ ಜೀವಿಗಳ ಸಾಲಿಗೆ ಸೇರಿಸಿತು.