ಕೌದಿಯ ಮೂಲೆಯ ಹೂವು

ಬೆಳಂಬಾರದಿಂದ ಅಂಕೋಲೆಗೆ ಬಂದು ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳ ಮನೆಗಳಿವೆ. ಪೋರ್ತುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರ ಸಂತತಿ ಇವರು. ‘ವಲಸೆ’ ಎಂಬ ಮಾತು ಇಲ್ಲಿ ತೀರ ಮೃದುವಾಯಿತು. ಉತ್ಸವಗಳಲ್ಲಿ ಇವರ ಡಮಾಮಿ ಕುಣಿತಕ್ಕೆ ಚಪ್ಪಾಳೆಯುಂಟು. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಮಾತ್ರ ದೊರೆತದ್ದು 2003ರಲ್ಲಿ.

ಆದರೆ ನನ್ನ ದೃಷ್ಟಿಯಲ್ಲಿ ಇವರ ಶ್ರೇಷ್ಠ ಕಲಾಕೃತಿ ಸ್ತ್ರೀಯರು ಹೊಲಿಯುವ ಕೌದಿ. ಹಳೆಯ ಬಟ್ಟೆಯ ಚೂರುಗಳನ್ನು ಅಂಚಿನಿಂದ ನಡುವಿಗೆ ಜೋಡಿಸುತ್ತ ಬರುತ್ತಾರೆ. ಅಳತೆಗಿಂತ ಬಣ್ಣಗಳ ಮೇಳವೇ ಮುಖ್ಯ. ಮೂಲೆಗಳಲ್ಲಿ ಮಡಿಸಿಟ್ಟ ‘ಫೂಲ’ ಇಲ್ಲದ ಕೌದಿ ಬೆತ್ತಲೆಯೆನ್ನುತ್ತಾರೆ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯೂ ಮೂಡಿರುತ್ತದೆ. ಅಮೆರಿಕದ ಕಲಾಸಂಸ್ಥೆಗಳು ಇವನ್ನು ಗೋಡೆಗೆ ತೂಗಿ ಪ್ರದರ್ಶಿಸಿವೆ. ನಮ್ಮ ಕಲಾವಿಮರ್ಶಕರ ಪಾಲಿಗೆ ಅವು ಬಹುಮಟ್ಟಿಗೆ ಇನ್ನೂ ಚಳಿಗಾಲದ ಹೊದಿಕೆಗಳೇ.