ಸೆಲ್ಫಿ: ಮುಖವೂ ಬೆನ್ನ ಹಿಂದಿನ ನಾಡೂ

ಸಾಮಾಜಿಕ ಜಾಲತಾಣಗಳಲ್ಲಿ ತುಂಬಿಕೊಂಡಿರುವ ಸೆಲ್ಫಿಗಳನ್ನು ಆತ್ಮರತಿಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆಕ್ಸ್‌ಫರ್ಡ್ ನಿಘಂಟು ಈ ಪದವನ್ನು 2013ರ ವರ್ಷದ ಪದವೆಂದು ಆರಿಸಿತು. ಆದರೆ ತನ್ನ ರೂಪವನ್ನು ತಾನೇ ಉಳಿಸಿಕೊಳ್ಳುವ ಬಯಕೆ ಫೋನಿಗಿಂತ ಬಹು ಹಳೆಯದು. ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ 1839ರಷ್ಟು ಹಿಂದೆಯೇ ತನ್ನ ಛಾಯಾಚಿತ್ರವನ್ನು ತಾನೇ ತೆಗೆದುಕೊಂಡಿದ್ದನು. ಆದಕಾರಣ ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಚಿತ್ರದ ಮುಖ ಯಾರತ್ತ ತಿರುಗಿದೆ, ಯಾವುದಕ್ಕೆ ಬೆನ್ನು ಮಾಡಿದೆ?

ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿ ಈ ಪ್ರಶ್ನೆಗೆ ಒಳ್ಳೆಯ ನಿದರ್ಶನ. 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಸೋದರರು ಅಲ್ಲಿನ ವೀರಭದ್ರ ದೇವಾಲಯವನ್ನು ಕಟ್ಟಿಸಿದರು. ಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳಲ್ಲಿ ಆ ಸೋದರರೂ ಪರಿವಾರ ಸಮೇತರಾಗಿ ಇದ್ದಾರೆ. ಅದರಲ್ಲಿ ಹೆಸರಿನ ಹಂಬಲ ಇಲ್ಲವೆನ್ನಲಾಗದು. ಆದರೂ ಅವರು ನಿಂತಿರುವುದು ದೈವದ ಸನ್ನಿಧಿಯಲ್ಲಿ, ಭಕ್ತರಾಗಿ. ಇಂದು ಅದೇ ದೇವಾಲಯದ ತೂಗುವ ಕಂಬದೆದುರು ಫೋನ್ ಎತ್ತಿ ಹಿಡಿದ ಪ್ರವಾಸಿ, ತಾನು ನೋಡಲು ಬಂದುದಕ್ಕೆ ಬೆನ್ನು ಹಾಕಿಯೇ ನಿಲ್ಲಬೇಕು. ಸೆಲ್ಫಿಯ ಯಂತ್ರನಿಯಮವೇ ಅದು. ಕಂಬ ಹಿನ್ನೆಲೆಯಾಗುತ್ತದೆ, ತಲೆಯ ಮೇಲಿನ ಚಿತ್ರಗಳು ಚೌಕಟ್ಟಿಗೂ ಬರುವುದಿಲ್ಲ.

ಹಾಗೆಂದು ಬೆನ್ನು ಹಾಕುವುದೆಲ್ಲ ಅನಾದರವಲ್ಲ. ಕಲ್ಯಾಣದುರ್ಗದ ಕಡೆಯ ಬ್ರಹ್ಮಸಮುದ್ರದಂಥ ಊರನ್ನು ನೆನೆಯಬಹುದು. ಈ ಸೀಮೆಯ ಊರ ಹೆಸರುಗಳಲ್ಲಿ ‘ಸಮುದ್ರ’ವೆಂದರೆ ಕೆರೆಯ ನೆನಪು. ಅನಂತಪುರ ಸೀಮೆ ಮಳೆ ಕಡಿಮೆಯ ನಾಡು; ದುಡಿಮೆ ಅರಸಿ ಬೆಂಗಳೂರಿಗೆ ಹೋದವರು ಇಲ್ಲಿ ಬಹಳ. ಅಂಥ ಕಡೆ ಕೆರೆ ಕೋಡಿ ಬಿದ್ದ ದಿನ ಒಬ್ಬ ಯುವಕ ಅದರ ಮುಂದೆ ನಿಂತು ಚಿತ್ರ ತೆಗೆದು ದೂರದ ಅಣ್ಣನಿಗೆ ಕಳುಹಿಸಿದರೆ, ಅಲ್ಲಿ ಸುದ್ದಿ ಕೆರೆಯದು. ಮುಖ ಆ ಸುದ್ದಿಗೆ ಒತ್ತಿದ ಮುದ್ರೆ. ‘ನೀರು ಬಂದಿದೆ, ಕಣ್ಣಾರೆ ಕಂಡೆ’ ಎಂಬ ಸಾಕ್ಷ್ಯವೇ ಅದರ ಪ್ರಯೋಜನ. ನೋಡುವವನು ಅಪರಿಚಿತ ಸಾವಿರ ಮಂದಿಯಾದೊಡನೆ ಈ ಅರ್ಥ ಸಡಿಲವಾಗಿ, ಮೆಚ್ಚುಗೆಯ ಎಣಿಕೆ ಮಾತ್ರ ಉಳಿಯುತ್ತದೆ.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಕಲಿತ ಯುವಕನ ಬೆರಳಿಗೆ ಕನ್ನಡ ಲಿಪಿ ಒಗ್ಗಿರುವುದಿಲ್ಲ. ಚಿತ್ರದ ಕೆಳಗೆ ರೋಮನ್ ಅಕ್ಷರದ ಒಂದು ಉದ್ಗಾರ, ಇಲ್ಲವೆ ಒಂದು ನಗೆಯ ಗುರುತು. ಮುಖ ಜಗತ್ತನ್ನು ಸುತ್ತುತ್ತದೆ. ಮಾತು ಮನೆಯ ಹೊಸಿಲು ದಾಟುವುದಿಲ್ಲ.

ಈ ನಷ್ಟವನ್ನು ಅಳೆಯಲು ವೀರಗಲ್ಲುಗಳೇ ಸಾಕು. ಶಿಲ್ಪದೊಡನೆ ಶಾಸನವೂ ಇರುವ ಕಲ್ಲಿನಲ್ಲಿ ಮಡಿದವನ ಹೆಸರು, ಊರು, ಕಾದಿದ ಕಾರಣ ತಿಳಿಯುತ್ತವೆ. ಬರಹವಿಲ್ಲದ ಕಲ್ಲಿನಲ್ಲೂ ವೀರನಿದ್ದಾನೆ, ಕತ್ತಿ ಎತ್ತಿದ್ದಾನೆ, ಯಾರೆಂದು ಹೇಳುವವರಿಲ್ಲ. ಮಾತಿಲ್ಲದ ಸೆಲ್ಫಿ ಆ ಎರಡನೆಯ ಬಗೆಯ ಕಲ್ಲು. ಕೆರೆಯ ಹೆಸರು, ನೀರು ಬಂದ ದಿನ, ನಿಂತವನ ಮನೆಮಾತಿನ ಒಂದು ಸಾಲು ಜೊತೆಗಿದ್ದರೆ ಅದೇ ಚಿತ್ರ ಊರಿನ ದಾಖಲೆಯಾದೀತು.