ಶಂಕರ್ ನಾಗ್ ಅವರ ಹೊಡೆದಾಟ

ಶಂಕರ್ ನಾಗ್ ಅವರನ್ನು ಎರಡಾಗಿ ಸೀಳಿ ನೋಡುವ ತೀರ್ಮಾನವೊಂದು ಕನ್ನಡ ಚಲನಚಿತ್ರ ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದೆ. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನೂ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನೂ ಕೊಟ್ಟ ನಿರ್ದೇಶಕ ನಿಜವಾದ ಕಲಾವಿದ, ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದ ನಿರ್ಮಾಪಕರಿಗಾಗಿ ಕಾಲೆತ್ತಿ ಒದೆಯುತ್ತಿದ್ದ ‘ಕರಾಟೆ ಕಿಂಗ್’ ಆ ಕಲಾವಿದ ಮಾಡಿಕೊಂಡ ರಾಜಿ ಎಂಬುದು ಅದರ ಸಾರ. ಈ ತೀರ್ಮಾನ ತಪ್ಪಷ್ಟೇ ಅಲ್ಲ, ಅನ್ಯಾಯವೂ ಹೌದು. ಏಕೆಂದರೆ ಶಂಕರ್ ನಾಗ್ ಎಂಬ ನಟ ಹುಟ್ಟಿದ್ದೇ ಹೊಡೆದಾಟದ ಚಿತ್ರವೊಂದರಲ್ಲಿ ಎಂಬುದನ್ನು ಅದು ಮರೆಮಾಚುತ್ತದೆ.

ಗಿರೀಶ ಕಾರ್ನಾಡರು 1978ರಲ್ಲಿ ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ಹೊಸ ಅಲೆಯ ಕಲಾತ್ಮಕ ಚಿತ್ರಗಳ ಪಟ್ಟಿಗೆ ಸೇರಿಸುವವರು ಅದರ ಮೈಯೆಲ್ಲ ಕತ್ತಿವರಸೆಯೇ ಎಂಬುದನ್ನು ಹೇಳಲು ಹಿಂಜರಿಯುತ್ತಾರೆ. ಜಪಾನಿನ ನಿರ್ದೇಶಕ ಅಕಿರ ಕುರೋಸಾವ ಅವರ ಸಮುರಾಯ್ ಚಿತ್ರಗಳ, ಅಂದರೆ ಒಡೆಯರ ಸೇವೆಗೆ ನಿಂತ ಕತ್ತಿಯೋಧರನ್ನು ಕುರಿತ ಚಿತ್ರಗಳ, ಪ್ರಭಾವ ಅದರಲ್ಲಿ ನಿಚ್ಚಳವಾಗಿದೆ. ಹಗೆ ಸಾಧಿಸುವ ಇಬ್ಬರು ಸಣ್ಣ ಪಾಳೆಯಗಾರರು, ಅವರ ಪರವಾಗಿ ಕೂಲಿಗೆ ಕಾದಾಡುವ ಗಂಡುಗಲಿ ಮತ್ತು ಪೆರ್ಮಾಡಿ, ಇಬ್ಬರ ಬೆನ್ನಿಗೂ ಬೆರಳೆಣಿಕೆಯ ಆಳುಗಳು: ಕಥೆಯ ಹರಹು ಇಷ್ಟೇ. ದೊಡ್ಡ ಸೇನೆಯನ್ನು ತೋರಿಸುವಷ್ಟು ಹಣವಿಲ್ಲದ ಚಿತ್ರ ದೊಡ್ಡ ಸೇನೆಯ ಕಥೆಯನ್ನು ಆರಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಹತ್ತಾರು ಜನರಿಂದಲೇ ಯುದ್ಧವೆಂಬುದರ ಕ್ಷುದ್ರತೆಯನ್ನು ಕಾಣಿಸಿತು. ಬಡತನವನ್ನು ಮುಚ್ಚಿಡದೆ ವಸ್ತುವಾಗಿಸಿಕೊಳ್ಳುವ ಈ ವಿವೇಕವೇ ಕಡಿಮೆ ಬಂಡವಾಳದ ಸಾಹಸಚಿತ್ರಕ್ಕೆ ಮೊದಲ ಮಾನದಂಡವಾಗಬೇಕು. ಎ. ಕೆ. ಬೀರ್ ಅವರ ಕ್ಯಾಮೆರಾ ಕಾಡು ಬಯಲುಗಳ ನಡುವೆ ನಿಲ್ಲಿಸಿದ ದೇಹಗಳಿಗೆ ತೂಕವಿದೆ, ದಣಿವಿದೆ. ಸುಂದರಕೃಷ್ಣ ಅರಸ್ ಅವರ ಪೆರ್ಮಾಡಿ ನೆಲಕ್ಕೆ ಬೇರೂರಿದಂತೆ ಕಾದಾಡಿದರೆ, ಶಂಕರ್ ಅವರ ಗಂಡುಗಲಿ ನೆಲ ತನಗೆ ಸಾಲದೆಂಬಂತೆ ಚಿಮ್ಮುತ್ತಾನೆ. ಆ ಪಾತ್ರಕ್ಕಾಗಿ ಶಂಕರ್ ಅವರಿಗೆ 1979ರ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿ ಅಭಿನಯವೆನಿಸಿದ ದೇಹದ ಚುರುಕು, 1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದ ‘ಸಾಂಗ್ಲಿಯಾನ’ಕ್ಕೆ ಬರುವಷ್ಟರಲ್ಲಿ ಅಗ್ಗದ ಕಸರತ್ತಾದದ್ದು ಹೇಗೆ ಎಂಬುದಕ್ಕೆ ವಿಮರ್ಶಕರು ಉತ್ತರ ಕೊಟ್ಟಿಲ್ಲ.

ಕರಾಟೆ ಎಂದರೆ ಓಕಿನಾವಾ ದ್ವೀಪದಲ್ಲಿ ಬೆಳೆದ, ಆಯುಧವಿಲ್ಲದೆ ಕೈಕಾಲುಗಳಿಂದಲೇ ಕಾದಾಡುವ ವಿದ್ಯೆ. ಗಾಂಧಿನಗರದ ಚಿತ್ರಗಳಲ್ಲಿದ್ದದ್ದು ಶಾಸ್ತ್ರಶುದ್ಧವಾದ ಕರಾಟೆಯಲ್ಲ ಎಂಬ ಆಕ್ಷೇಪ ನಿಜವಾದರೂ ಅಪ್ರಸ್ತುತ. ಯಕ್ಷಗಾನದ ಯುದ್ಧಕುಣಿತವನ್ನು ಯಾರೂ ರಣತಂತ್ರದ ಪುಸ್ತಕ ಹಿಡಿದು ಅಳೆಯುವುದಿಲ್ಲ. ಆ ಚಿತ್ರಗಳ ನಿಜವಾದ ದೋಷಗಳು ಬೇರೆಯವು. ಖಳನ ಅಡಗುದಾಣ ಚಿತ್ರದಿಂದ ಚಿತ್ರಕ್ಕೆ ಬದಲಾಗುವುದಿಲ್ಲ, ನಾಯಕಿ ಕೊನೆಯ ಹೊಡೆದಾಟಕ್ಕೆ ಒತ್ತೆಯಾಳಾಗಿ ಮಾತ್ರ ಬೇಕಾಗುತ್ತಾಳೆ, ಹಾಸ್ಯದ ಭಾಗ ಕಥೆಯ ಕಾಲು ಹಿಡಿದೆಳೆಯುತ್ತದೆ, ಬಿದ್ದ ಪ್ರತಿ ಏಟಿಗೂ ಒಂದೇ ಸದ್ದು ಕೇಳಿಸುತ್ತದೆ. ಇಷ್ಟರ ನಡುವೆಯೂ ಆ ನೀಳ ದೇಹ ಚೌಕಟ್ಟಿನೊಳಗೆ ಬಂದೊಡನೆ ಚಿತ್ರಕ್ಕೆ ಜೀವ ಬರುತ್ತದೆ. ಕಟ್ಟುಮಸ್ತಾಗಿಲ್ಲದ, ಆಟೋ ನಿಲ್ದಾಣದಲ್ಲಿ ಎದುರಾಗಬಹುದಾದ ಮನುಷ್ಯನೊಬ್ಬ ವೇಗದಿಂದಲೇ ಗೆಲ್ಲುವುದನ್ನು ಅವರು ನಂಬುವಂತೆ ಮಾಡಿದರು. ಅವರ ನಂತರ ಆ ನಂಬಿಕೆ ಮಾತಿಗೆ ಜಾರಿತು: 1996ರ ‘ಪೊಲೀಸ್ ಸ್ಟೋರಿ’ಯನ್ನು ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು ಅವರೇ ನಿರ್ದೇಶಿಸಿದರೂ ಜನ ನೆನಪಿಟ್ಟದ್ದು ನಾಯಕ ಸಾಯಿಕುಮಾರ್ ಅವರ ಸಂಭಾಷಣೆಯ ಅಬ್ಬರವನ್ನು.

ಈ ಹೊಡೆದಾಟದ ಚಿತ್ರಗಳ ಪರಂಪರೆಯ ಬೆಲೆಯನ್ನು ಬೆಂಗಳೂರಿನ ಫಿಲಂ ಸೊಸೈಟಿಗಳಲ್ಲಿ, ಅಂದರೆ ಆಯ್ದ ಚಿತ್ರಗಳನ್ನು ಸದಸ್ಯರಿಗೆ ತೋರಿಸುವ ಸಂಘಗಳಲ್ಲಿ, ಕುಳಿತು ಕಟ್ಟುವುದಕ್ಕಿಂತ ಗಡಿಯಾಚೆ ತಮಿಳುನಾಡಿನಲ್ಲಿ ನಿಂತು ಕಟ್ಟುವುದು ನ್ಯಾಯ. ಹೊಸೂರು, ತಳಿ, ದೇಂಕಣಿಕೋಟೆ, ಕೆಳಮಂಗಲಗಳ ಸೀಮೆ ಆಡಳಿತದಲ್ಲಿ ಮೊದಲು ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದರೂ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಪಕ್ಕದ ಮನೆಯದು ತೆಲುಗು, ಬೀದಿಯದು ತಮಿಳು. ಅಶೋಕ್ ಲೇಲ್ಯಾಂಡ್, ಟಿವಿಎಸ್ ಕಾರ್ಖಾನೆಗಳ ಸುತ್ತ 1980ರ ದಶಕದಲ್ಲಿ ಬೆಳೆದ ಹೊಸೂರಿನಂಥ ಊರಿಗೆ, ಮೂರು ಭಾಷೆಯವರು ಪಕ್ಕಪಕ್ಕದಲ್ಲಿ ಕುಳಿತು ಒಂದೇ ಉಸಿರಿನಲ್ಲಿ ನೋಡಬಲ್ಲ ಕನ್ನಡ ಚಿತ್ರ ಇದೇ ಬಗೆಯದು. ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ನಂತರ ಕನ್ನಡ ಶಾಲೆಗಳ ಚಿಂತೆಯಲ್ಲಿರುವ ಈ ಸೀಮೆಗೆ, ತನ್ನ ಭಾಷೆಯ ಹೆಮ್ಮೆ ಕಾದಂಬರಿಯಿಂದಲೇ ಬರಬೇಕೆಂದು ವಿಧಿಸುವ ಅಧಿಕಾರ ಯಾವ ಅಭಿರುಚಿವಂತರಿಗೂ ಇಲ್ಲ. ಓದು ಬಲ್ಲವರು ಮೆಚ್ಚಿದ್ದು ಸಂಸ್ಕೃತಿ, ದುಡಿದು ದಣಿದವರು ಮೆಚ್ಚಿದ್ದು ಮನರಂಜನೆ ಎಂಬ ವಿಂಗಡಣೆ ಕನ್ನಡ ವಿಮರ್ಶೆಯನ್ನು ಬಡವಾಗಿಸಿದೆ. ಫೈಟ್ ಮಾಸ್ಟರುಗಳ, ನಾಯಕನ ಬದಲು ಬೀಳುವ ಡ್ಯೂಪ್‌ಗಳ ಕೆಲಸ ಕನ್ನಡ ಚಿತ್ರಚರಿತ್ರೆಯಲ್ಲಿ ಅಧ್ಯಾಯವಾಗದೆ ಉಳಿದಿರುವುದೂ ಇದರಿಂದಲೇ.

‘ಒಂದಾನೊಂದು ಕಾಲದಲ್ಲಿ’ ಕನ್ನಡದ ಅತ್ಯುತ್ತಮ ಹೊಡೆದಾಟದ ಚಿತ್ರ, ‘ಸಾಂಗ್ಲಿಯಾನ’ ಅದರ ಕಿರಿಯ ಒಡಹುಟ್ಟು. ಮೊದಲನೆಯದನ್ನು ಪ್ರದರ್ಶಿಸುವ ಸಂಘಗಳು ಎರಡನೆಯದನ್ನೂ ಅದೇ ದಿನ, ಅದೇ ಪರದೆಯ ಮೇಲೆ ತೋರಿಸಲಿ. ಹೊಸೂರಿನ ಕನ್ನಡ ಸಂಘಟನೆಗಳು ಆ ಕೆಲಸಕ್ಕೆ ಮೊದಲು ಕೈಹಾಕಲಿ.